ಕೆಸರಿನ ಪರ ವಕಾಲತ್ತು

ಕಾರವಾರದ ಎದುರಿನ ಕಡಲತಳದ ಕೆಸರಿನ ಬಗ್ಗೆ ಹಿಂದೊಮ್ಮೆ ಬರೆದಿದ್ದೆ. ಬೂತಾಯಿ ಮೀನು ಯಾಕೆ ಬರುತ್ತದೆ, ಯಾಕೆ ಹೋಗುತ್ತದೆ ಎನ್ನುವುದಕ್ಕೆ ಆ ಕೆಸರಿನಲ್ಲೂ ಒಂದಿಷ್ಟು ಉತ್ತರವಿದೆ ಎಂದಿದ್ದೆ. ಅಷ್ಟಕ್ಕೇ ಎರಡೂ ಕಡೆಯಿಂದ ಕಲ್ಲು ಬಿತ್ತು. ಬೋಟಿನವರಿಗೆ ನಾನು ಮೀನುಗಾರಿಕೆ ನಿಲ್ಲಿಸಹೊರಟವನಾಗಿ ಕಂಡೆ. ಪರಿಸರದ ಪರ ದನಿಯೆತ್ತುವ ಗೆಳೆಯರಿಗೆ ಬೋಟಿನವರ ಪರ ನೆಪ ಹುಡುಕುವವನಾಗಿ ಕಂಡೆ. ಇಬ್ಬರ ಕೈಲೂ ಬೈಸಿಕೊಂಡ ಮೇಲೆ ಸುಮ್ಮನಿರುವುದು ಸುಲಭ. ಆದರೆ ಬಂದ ಆಕ್ಷೇಪಗಳಲ್ಲಿ ಕೆಲವು ಗಟ್ಟಿಯಾಗಿವೆ, ಕೆಲವು ಟೊಳ್ಳು. ಎರಡನ್ನೂ ಬೇರೆ ಬೇರೆ ಬುಟ್ಟಿಗೆ ಹಾಕುವುದು ನನ್ನ ಕೆಲಸ ಎನಿಸಿತು.

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಮಾತಿನಿಂದಲೇ ಶುರು ಮಾಡುತ್ತೇನೆ. ಮೂರು ಸಾವಿರ ವರ್ಷದ ಹಿಂದೆ ಎಷ್ಟು ಮಳೆ ಬಿತ್ತು ಎಂದು ಕೆಸರು ನೋಡಿ ಹೇಳುವುದು ಕವಡೆ ಹಾಕಿ ಭವಿಷ್ಯ ನುಡಿದಂತೆ. ನಾಳೆಯ ಮಳೆಯನ್ನೇ ನೆಟ್ಟಗೆ ಹೇಳಲಾರದವರು ಇತಿಹಾಸಪೂರ್ವದ ಮಳೆ ಅಳೆಯಲು ಹೊರಟಿದ್ದಾರೆ ಎನ್ನುವ ಲೇವಡಿ ಇದು. ಕೇಳಲು ಚೆನ್ನಾಗಿದೆ. ಆದರೆ ನಾಳೆಯದನ್ನು ಊಹಿಸುವುದು ಬೇರೆ, ನಿನ್ನೆಯದರ ಕುರುಹು ಹುಡುಕುವುದು ಬೇರೆ. ನಾಳೆ ನಿಮ್ಮ ಮನೆಯಲ್ಲಿ ಏನು ಅಡುಗೆ ಎಂದು ನಾನು ಹೇಳಲಾರೆ. ನಿನ್ನೆ ಬಂಗುಡೆ ಸಾರಿತ್ತು ಎನ್ನುವುದನ್ನು ಹಿತ್ತಿಲಲ್ಲಿ ಬಿದ್ದ ಮುಳ್ಳು ನೋಡಿ ಹೇಳಬಲ್ಲೆ, ಬೆಕ್ಕು ಎಳೆದಾಡಿ ಅರ್ಧ ತಿಂದಿದ್ದರೂ.

ಕಡಲತಳವೂ ಅಂಥ ಹಿತ್ತಿಲು. ಹೊಳೆ ತಂದ ಮಣ್ಣು, ಘಟ್ಟದ ಕಾಡಿನಿಂದ ಹಾರಿಬಂದ ಪರಾಗ, ನೀರಿನಲ್ಲಿ ಬದುಕಿ ಸತ್ತ ಜೀವಿಗಳ ಚಿಪ್ಪು, ಎಲ್ಲ ಪದರಪದರವಾಗಿ ಅಲ್ಲಿ ಕೂರುತ್ತವೆ. ಹಡಗಿನಿಂದ ಉದ್ದನೆಯ ಕೊಳವೆಯನ್ನು ಕೆಸರಿಗೆ ಊರಿ ಮೇಲೆತ್ತಿದರೆ ಮೇಲಿನದು ಈಚಿನದು, ಕೆಳಗಿನದು ಹಳೆಯದು. ಅದನ್ನು ಬಾಳೆದಿಂಡು ಹೆಚ್ಚಿದಂತೆ ತೆಳ್ಳಗೆ ಕತ್ತರಿಸಿ, ತೊಳೆದು, ಸೋಸಿ, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಆಗ ಸಿಗುವ ಮುಖ್ಯ ಸಾಕ್ಷಿ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿ. ರಾಗಿ ಕಾಳಿಗಿಂತ ಚಿಕ್ಕದು, ಆದರೆ ತನಗೊಂದು ಸುಣ್ಣದ ಮನೆ ಕಟ್ಟಿಕೊಳ್ಳುತ್ತದೆ. ಜೀವಿ ಸತ್ತರೂ ಮನೆ ಉಳಿಯುತ್ತದೆ. ಯಾವ ಜಾತಿ ಎಷ್ಟು ಸಂಖ್ಯೆಯಲ್ಲಿದೆ, ಚಿಪ್ಪಿನಲ್ಲಿ ಆಮ್ಲಜನಕದ ಎರಡು ಐಸೊಟೋಪುಗಳ ಪಾಲು ಎಷ್ಟು, ಮೆಗ್ನೀಸಿಯಂ ಎಷ್ಟು ಸೇರಿದೆ ಎನ್ನುವುದರಿಂದ ಅದು ಬದುಕಿದ್ದ ನೀರಿನ ಬಿಸಿ, ಉಪ್ಪು, ಗುಣ ತಿಳಿಯುತ್ತದೆ. ವಯಸ್ಸಿಗೆ ರೇಡಿಯೋಕಾರ್ಬನ್ ಇದೆ. ಕಳೆದ ನೂರು ವರ್ಷದ ಪದರಗಳಿಗೆ ಸೀಸ-210 ಇದೆ. ಅದರ ಅರ್ಧಾಯುಷ್ಯ ಸುಮಾರು 22 ವರ್ಷ. ಕವಡೆಗೆ ಅರ್ಧಾಯುಷ್ಯ ಇರುವುದಿಲ್ಲ.

ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬ ಒಂದು ಫೊರಾಮ್ ಇದೆ. ತಣ್ಣೀರಿನ ಜೀವಿ. ಇಂಥದ್ದಕ್ಕೆ ಬಿಸಿ ಅರಬ್ಬಿ ಸಮುದ್ರದಲ್ಲಿ ಏನು ಕೆಲಸ? ನೈಋತ್ಯ ಮುಂಗಾರಿನ ಗಾಳಿ ಒಮಾನ್ ತೀರದುದ್ದಕ್ಕೂ ಬೀಸಿ ಮೇಲಿನ ನೀರನ್ನು ದೂರ ತಳ್ಳಿದಾಗ ಆಳದ ತಣ್ಣೀರು ಗೊಬ್ಬರ ಸಮೇತ ಮೇಲೇಳುತ್ತದೆ. ಆಗ ಇದರ ಸಂತತಿ ಹುಚ್ಚಾಪಟ್ಟೆ ಹೆಚ್ಚುತ್ತದೆ. ಹಾಗಾಗಿ ಕೆಸರಿನ ಯಾವ ಪದರದಲ್ಲಿ ಇದರ ಚಿಪ್ಪು ಹೆಚ್ಚೋ ಆ ಕಾಲದಲ್ಲಿ ಮುಂಗಾರು ಗಾಳಿ ಜೋರಾಗಿತ್ತು ಎಂದು ಲೆಕ್ಕ. ವಾರನ್ ಪ್ರೆಲ್ 1980ರ ದಶಕದಲ್ಲಿ ಈ ದಾರಿ ಹಾಕಿಕೊಟ್ಟರು. 2002ರಲ್ಲಿ ಆಂಡರ್ಸನ್, ಓವರ್‌ಪೆಕ್ ಮತ್ತು ಅನಿಲ್ ಗುಪ್ತಾ ಇದೇ ಚಿಪ್ಪನ್ನು ಎಣಿಸಿ, ಕಳೆದ ನಾಲ್ಕು ಶತಮಾನಗಳಲ್ಲಿ ಮುಂಗಾರಿನ ಗಾಳಿ ಬಲಗೊಳ್ಳುತ್ತ ಬಂದಿದೆ ಎಂದು ತೋರಿಸಿದರು.

ಚಿಪ್ಪು ಒಂದೇ ಸಾಕ್ಷಿಯಾಗಿದ್ದರೆ ಅನುಮಾನ ಪಡಬಹುದಿತ್ತು. ಆದರೆ ದಕ್ಷಿಣ ಒಮಾನಿನ ಕುನ್ಫ್ ಗುಹೆಯಲ್ಲಿ ತೊಟ್ಟಿಕ್ಕಿದ ನೀರಿನಿಂದ ಬೆಳೆದ ಸುಣ್ಣದ ಕಂಬವೂ ಇದೆ. ಅದರ ಲೆಕ್ಕವನ್ನು ಬೇರೆ ತಂಡ, ಬೇರೆ ವಿಧಾನದಲ್ಲಿ, ಬೇರೆ ವಸ್ತುವಿನಿಂದ ಮಾಡಿತು. ಸಾವಿರಾರು ವರ್ಷಗಳ ದೀರ್ಘ ಲೆಕ್ಕದಲ್ಲಿ ಎರಡೂ ಒಂದೇ ಕಥೆ ಹೇಳುತ್ತವೆ: ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಮುಂಗಾರು ಭರ್ಜರಿ, ಆಮೇಲೆ ನಿಧಾನಕ್ಕೆ ಇಳಿಮುಖ. ಕಾರವಾರದ ಎದುರಿನ ಕೆಸರನ್ನು ಪುದುಚೇರಿಯ ಫ್ರೆಂಚ್ ಸಂಸ್ಥೆಯ ನಂಟಿದ್ದ ಕಾರತಿನಿ ಮತ್ತು ಸಂಗಡಿಗರು ಓದಿ 1994ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮದೇ ತೀರದ ಸಾಕ್ಷಿ. ಸುಮಾರು 3,500 ವರ್ಷಗಳಿಂದೀಚೆ ಇಲ್ಲಿನ ಹವೆಯಲ್ಲಿ ತೇವ ಕಡಿಮೆಯಾಗಿದೆ ಎಂದು ಅದು ಹೇಳಿತು. ಘಟ್ಟದ ಮೇಲೆ ಏನು ಬೆಳೆದಿತ್ತು ಎನ್ನುವುದನ್ನು ಕಡಲ ಕೆಳಗಿನ ಪರಾಗ ಹೇಳಿತು. ಪರಸ್ಪರ ಪರಿಚಯವಿಲ್ಲದ ಮೂವರು ಸಾಕ್ಷಿಗಳು ಒಂದೇ ಮಾತಾಡಿದರೆ ಯಾವ ಕೋರ್ಟೂ ಅದನ್ನು ಕವಡೆ ಶಾಸ್ತ್ರ ಎನ್ನುವುದಿಲ್ಲ.

ಈ ಆಕ್ಷೇಪದಲ್ಲೂ ಒಪ್ಪಬೇಕಾದ್ದೊಂದಿದೆ. ಕೆಸರಿನಲ್ಲಿ ಹುಳುಗಳಿರುತ್ತವೆ, ಅವು ಪದರಗಳನ್ನು ಕಲಸುತ್ತವೆ. ಒಂದು ಸೆಂಟಿಮೀಟರ್ ಕೆಸರಿನಲ್ಲಿ ಹಲವು ವರ್ಷ, ಕೆಲವೊಮ್ಮೆ ಹಲವು ದಶಕ ಒಟ್ಟಿಗೆ ಕೂತಿರಬಹುದು. ಇಂಥ ಕೆಸರು ಇಟ್ಟುಕೊಂಡು ಇಸವಿ ಇಸವಿಗೂ ಮಳೆ ಹೇಳುತ್ತೇನೆ ಎನ್ನುವವರನ್ನು ನಾನೂ ನಂಬುವುದಿಲ್ಲ. ಹುಳು ಕಲಸಿದ್ದು ಸಾಲದು ಎಂಬಂತೆ ಈಗ ಟ್ರಾಲ್ ಬೋಟಿನ ಹಲಗೆಗಳು ತಳವನ್ನು ಉಳುತ್ತಿವೆ. ಪುಸ್ತಕದ ಕೊನೆಯ ಪುಟಗಳನ್ನು, ಅಂದರೆ ನಮ್ಮ ಕಾಲದ ಪುಟಗಳನ್ನು, ಓದುವ ಮೊದಲೇ ಹರಿದು ಹಾಕುತ್ತಿದ್ದೇವೆ.

ಇನ್ನು ಎರಡನೆಯ ಮಾತು. ಹವಾಮಾನ ಯಾವಾಗಲೂ ಬದಲಾಗುತ್ತಲೇ ಬಂದಿದೆಯಲ್ಲ, ನೀವೇ ಹೇಳುತ್ತೀರಿ; ಹಾಗಾದರೆ ಈಗಿನದಕ್ಕೆ ಯಾಕೆ ಇಷ್ಟು ಗಲಾಟೆ? ಇದು ನನ್ನ ಕತ್ತಿಯನ್ನೇ ನನ್ನ ಕೊರಳಿಗೆ ಹಿಡಿದಂತೆ. ಉತ್ತರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸುಮಾರು ಇಪ್ಪತ್ತು ಸಾವಿರ ವರ್ಷದ ಹಿಂದೆ, ಹಿಮಯುಗದ ತುತ್ತತುದಿಯಲ್ಲಿ, ಕಡಲ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ನಮ್ಮ ಕರಾವಳಿ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕಿತ್ತು. ಮುರ್ಡೇಶ್ವರದಿಂದ ನೇತ್ರಾಣಿಗೆ ನಡೆದೇ ಹೋಗಬಹುದಿತ್ತು. ಆಗ ಅದು ದ್ವೀಪವಲ್ಲ, ಬಯಲಿನ ನಡುವಿನ ಗುಡ್ಡ. ಮುಂಗಾರು ಸೊರಗಿತ್ತು, ನೀರು ಎರಡು-ಮೂರು ಡಿಗ್ರಿ ತಣ್ಣಗಿತ್ತು. ಅಲ್ಲಿಂದ ಇಲ್ಲಿಗೆ ಬರಲು ಕಡಲು ಸಾವಿರಾರು ವರ್ಷ ತೆಗೆದುಕೊಂಡಿತು. ಈಗ ನೋಡಿ: ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದಂತೆ, 1901ರಿಂದ 2012ರ ನಡುವೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗದ ಮೇಲ್ಮೈ ನೀರು ಮಳೆಗಾಲದ ತಿಂಗಳುಗಳಲ್ಲಿ 1.2 ಡಿಗ್ರಿ ಬಿಸಿಯಾಗಿದೆ. ಹಿಮಯುಗದಿಂದ ಹೊರಬರುವಾಗ ಸಾವಿರಾರು ವರ್ಷಗಳಲ್ಲಿ ಏರಿದ್ದರ ಮೂರನೇ ಒಂದು ಪಾಲಿಗೂ ಮಿಕ್ಕಿ ಒಂದು ಅಜ್ಜನ ಆಯುಸ್ಸಿಗಿಂತ ತುಸು ಹೆಚ್ಚು ಕಾಲದಲ್ಲಿ ಏರಿದೆ. ಘಟ್ಟ ಇಳಿಯುವುದಕ್ಕೂ ಘಟ್ಟದಿಂದ ಬೀಳುವುದಕ್ಕೂ ಹೋಗುವ ದಿಕ್ಕು ಒಂದೇ.

ಚತುರ ಎದುರಾಳಿ ಇಲ್ಲಿ ನನ್ನನ್ನು ತಡೆಯುತ್ತಾನೆ. ಹಿಂದೆಯೂ ದಿಢೀರ್ ಜಿಗಿತಗಳಾಗಿವೆಯಲ್ಲ? ಆಗಿವೆ. 1998ರಲ್ಲಿ ಶುಲ್ಜ್, ಫಾನ್ ರಾಡ್ ಮತ್ತು ಎರ್ಲೆನ್‌ಕೊಯ್ಸರ್ ಪಾಕಿಸ್ತಾನ ತೀರದ ಕೆಸರನ್ನು ಗ್ರೀನ್‌ಲೆಂಡಿನ ಹಿಮದ ಜೊತೆ ಇಟ್ಟು ನೋಡಿದರು. ಕಳೆದ 1,10,000 ವರ್ಷಗಳಲ್ಲಿ ಗ್ರೀನ್‌ಲೆಂಡ್ ಬೆಚ್ಚಗಾದಾಗಲೆಲ್ಲ ಅರಬ್ಬಿ ಸಮುದ್ರದ ಕೆಸರು ಕಪ್ಪಗೆ, ಪುಟಪುಟವಾಗಿ ಕೂತಿತ್ತು. ಅಲ್ಲಿ ಚಳಿ ಏರಿದಾಗ ಇಲ್ಲಿನ ಪುಟಗಳು ಕಲಸಿಹೋಗಿದ್ದವು. ಪುಟ ಕಲಸದೆ ಉಳಿಯಲು ಕಾರಣ ಸರಳ: ಉಸಿರಾಡಲು ಆಮ್ಲಜನಕವಿಲ್ಲದೆ ಹುಳುಗಳೇ ಇರಲಿಲ್ಲ. ಆ ಏರಿಳಿತಗಳಲ್ಲಿ ಕೆಲವು ದಶಕಗಳಷ್ಟು ಕಡಿಮೆ ಅವಧಿಯಲ್ಲಿ ನಡೆದಿವೆ ಎನ್ನುವುದೂ ನಿಜ.

ಆದರೆ ಇದು ಸಮಾಧಾನದ ಸುದ್ದಿ ಎಂದು ಯಾರು ಹೇಳಿದರು? ಈ ಕಡಲು ಸಣ್ಣದಾಗಿ ತಳ್ಳಿದರೂ ದೊಡ್ಡದಾಗಿ ಹೊಯ್ದಾಡಬಲ್ಲದು ಎಂದೇ ಇದರ ಅರ್ಥ. ತಳ್ಳುವ ಕೈ ಈಗ ನಮ್ಮದು. ಜೊತೆಗೆ ಇನ್ನೊಂದು. ಆಗ ತೀರದಲ್ಲಿದ್ದ ಜನ ಬೆರಳೆಣಿಕೆಯವರು. ಮೀನು ಹೋದರೆ ಅವರೂ ಗುಳೆ ಹೋಗಬಹುದಿತ್ತು. ಈಗ ಮಲ್ಪೆ, ಗಂಗೊಳ್ಳಿ, ಮಂಗಳೂರು, ತದಡಿ, ಬೈತಖೋಲದಲ್ಲಿ ಬಂದರು ಕಟ್ಟಿ ಕೂತಿದ್ದೇವೆ. ಐಸ್ ಪ್ಲಾಂಟ್ ಇದೆ, ಫಿಶ್‌ಮಿಲ್ ಇದೆ, ಬೋಟಿನ ಮೇಲೆ ಬ್ಯಾಂಕಿನ ಸಾಲ ಇದೆ. ಬೂತಾಯಿ ಉತ್ತರಕ್ಕೆ ಸರಿದರೆ ಬಂದರನ್ನು ಬೆನ್ನ ಮೇಲೆ ಹೊತ್ತುಕೊಂಡು ಹಿಂದೆ ಹೋಗಲಾಗದು. ಅದು ಸರಿದೂ ಇದೆ. ಹಿಂದೆ ಬಹುಪಾಲು 8ರಿಂದ 14 ಡಿಗ್ರಿ ಉತ್ತರ ಅಕ್ಷಾಂಶದ ಮಲಬಾರ್ ತೀರಕ್ಕಷ್ಟೇ ಸೀಮಿತವಾಗಿದ್ದ ಈ ಮೀನು 1980ರ ದಶಕದ ನಂತರ ಉತ್ತರದ ತೀರಕ್ಕೂ ಪೂರ್ವ ಕರಾವಳಿಗೂ ಹಬ್ಬಿದ್ದನ್ನು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿವೇಕಾನಂದನ್ ಮತ್ತಿತರರು ದಾಖಲಿಸಿದ್ದಾರೆ.

ಇದೇ ವಾದದ ಇನ್ನೊಂದು ಕವಲು 77 ವರ್ಷದ ಚಕ್ರ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಸಂಗಡಿಗರು ಕಾರವಾರದ ಎದುರಿನ ಕೆಸರಿನಲ್ಲಿ ಫೊರಾಮ್‌ಗಳ ಆಕಾರ, ಅವುಗಳ ಮೊದಲ ಕೋಣೆಯ ಗಾತ್ರ ಇತ್ಯಾದಿ ಅಳೆದರು. ಕಾಳಿ ಹೊಳೆ ಹೆಚ್ಚು ಸಿಹಿನೀರು ತಂದ ಕಾಲ ಯಾವುದು, ಕಡಿಮೆ ತಂದ ಕಾಲ ಯಾವುದು ಎಂದು ಅದರಿಂದ ಗುರುತಿಸಿದರು. ಬರಗಾಲ ಸುಮಾರು 77 ವರ್ಷಕ್ಕೊಮ್ಮೆ ಮರುಕಳಿಸುವ ಸೂಚನೆ ಸಿಕ್ಕಿತು. ಅದನ್ನು ಸೂರ್ಯನ ಚಟುವಟಿಕೆಯ ಒಂದು ದೀರ್ಘ ಚಕ್ರಕ್ಕೆ ತಳುಕು ಹಾಕಿ 1995ರಲ್ಲಿ ಪ್ರಕಟಿಸಿದರು. ನನಗೆ ಇಷ್ಟವಾದ ಕೆಲಸ ಅದು. ನಮ್ಮ ಮನೆಯಂಗಳದ ಕೆಸರು ಎನ್ನುವ ಅಭಿಮಾನವೂ ಸೇರಿಕೊಂಡಿದೆ. ಆದರೆ ಇದನ್ನು ಹಿಡಿದು ‘ಎಲ್ಲ ಚಕ್ರ, ತಿರುಗಿ ತಾನೇ ಸರಿಹೋಗುತ್ತದೆ’ ಎನ್ನುವುದು ಆ ಸಂಶೋಧನೆಗೆ ಮಾಡುವ ಅನ್ಯಾಯ. ಚಕ್ರ ಎಂದರೆ ಬಸ್ಸಿನ ವೇಳಾಪಟ್ಟಿಯಲ್ಲ. ಮೇಲಾಗಿ ಅಂದಿನ ಕಾಳಿಯೇ ಇಂದಿಲ್ಲ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳ ಗೇಟು ತೆರೆದಾಗ ಹರಿಯುವ ನೀರು ಮಳೆಯ ಲೆಕ್ಕವನ್ನಷ್ಟೇ ಅಲ್ಲ, ಕರೆಂಟಿನ ಬೇಡಿಕೆಯ ಲೆಕ್ಕವನ್ನೂ ಹೇಳುತ್ತದೆ. ಮುಂದೆ ಯಾರಾದರೂ ನಮ್ಮ ಕಾಲದ ಪದರ ಓದಿದರೆ ಬೆಂಗಳೂರಿನ ಫ್ಯಾನುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಾದೀತು.

ಮೂರನೆಯದು ವಿಜ್ಞಾನಿಗಳ ಜಗಳ. ಒಬ್ಬರು ಅರಬ್ಬಿ ಸಮುದ್ರದಲ್ಲಿ ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು, ಹೆಚ್ಚುತ್ತಿದೆ ಎಂದರು, ಇನ್ನೊಬ್ಬರು ಕಡಿಮೆಯಾಗುತ್ತಿದೆ ಎಂದರು. ಅವರಲ್ಲೇ ಒಮ್ಮತವಿಲ್ಲ, ನಾವು ಯಾರನ್ನು ನಂಬಬೇಕು? ನಿಜ, ಹಾಗೆ ಆಗಿದೆ. 2005ರಲ್ಲಿ ಜೋಕಿಮ್ ಗೋಯಸ್ ಮತ್ತಿತರರು ಪಶ್ಚಿಮ ಅರಬ್ಬಿ ಸಮುದ್ರದಲ್ಲಿ ಮುಂಗಾರು ಕಾಲದ ಪ್ಲವಕ ಏಳು ವರ್ಷದಲ್ಲಿ ಶೇ 300ಕ್ಕೂ ಮಿಕ್ಕಿ ಏರಿದೆ ಎಂದು ಉಪಗ್ರಹದ ಮಾಹಿತಿಯಿಂದ ಹೇಳಿದರು. ಹಿಮಾಲಯದ ಹಿಮ ಕಡಿಮೆಯಾಗಿ, ನೆಲ ಕಾದು, ಗಾಳಿ ಜೋರಾಗಿ, ತಣ್ಣೀರು ಮೇಲೆದ್ದದ್ದು ಕಾರಣ ಎಂದರು. 2016ರಲ್ಲಿ ರಾಕ್ಸಿ ಮತ್ತಿತರರು ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕದಲ್ಲಿ ಪ್ಲವಕ ಶೇ 20ರವರೆಗೆ ಕುಸಿದಿದೆ ಎಂದರು. ಮೇಲಿನ ಬಿಸಿ ನೀರು ಮುಚ್ಚಳದಂತೆ ಕೂತು ಕೆಳಗಿನ ಗೊಬ್ಬರ ಮೇಲೆ ಬಾರದಂತೆ ತಡೆಯುತ್ತಿದೆ ಎನ್ನುವುದು ಅವರ ವಿವರಣೆ.

ಮೊದಲ ತಂಡದ ಕೈಲಿದ್ದದ್ದು ಏಳು ವರ್ಷದ ಚಿತ್ರ. ಏರುವ ಅಲೆಯ ಬೆನ್ನಿನ ಮೇಲೆ ಕೂತವನಿಗೆ ಕಡಲೇ ಏರುತ್ತಿದೆ ಎನಿಸುತ್ತದೆ. ಹಳೆಯ ಕೆಸರು ಬೇಕಾಗುವುದು ಇಲ್ಲೇ. ಏಳು ವರ್ಷ, ಅರುವತ್ತು ವರ್ಷ ಎರಡೂ ಚಿಕ್ಕವು. ಅವನ್ನು ಆರುನೂರು ವರ್ಷದ ಪಕ್ಕ ಇಟ್ಟರೆ ಯಾವುದು ಪ್ರವಾಹ, ಯಾವುದು ಬರೀ ಅಲೆ ಎನ್ನುವುದು ಬೇರೆಯಾಗುತ್ತದೆ. ವಿಜ್ಞಾನಿಗಳು ಜಗಳವಾಡುತ್ತಾರೆ ಎಂದು ಕೆಸರಿನ ಅಧ್ಯಯನ ಬೇಡ ಎನ್ನುವುದು, ಅಣ್ಣತಮ್ಮಂದಿರು ಗಡಿಗೆ ಜಗಳವಾಡುತ್ತಾರೆ ಎಂದು ಜಮೀನಿನ ಹಳೆಯ ಪತ್ರ ಸುಟ್ಟಂತೆ.

ಗೋಯಸ್ ಅವರ ಗುಂಪೇ ಮುಂದೆ ಹೆಲ್ಗಾ ಗೋಮ್ಸ್ ನೇತೃತ್ವದಲ್ಲಿ ಇನ್ನೊಂದು ಸಂಗತಿ ತೋರಿಸಿತು. ಉತ್ತರ ಅರಬ್ಬಿ ಸಮುದ್ರದ ಚಳಿಗಾಲದಲ್ಲಿ ಡಯಾಟಮ್ ಎಂಬ ಪ್ಲವಕಗಳ ಜಾಗವನ್ನು ನಾಕ್ಟಿಲ್ಯೂಕಾ ಎಂಬ ಹಸಿರು ಜೀವಿ ಆಕ್ರಮಿಸುತ್ತಿದೆ, ಆಮ್ಲಜನಕ ಕಡಿಮೆಯಿರುವ ನೀರು ಮೇಲೆ ಬಂದದ್ದು ಅದಕ್ಕೆ ಅನುಕೂಲವಾಗಿದೆ ಎಂದು. ಉಡುಪಿಯ ತೀರದಲ್ಲಿ ಕೆಲ ವರ್ಷಗಳ ಹಿಂದೆ ರಾತ್ರಿಯ ಅಲೆಗಳು ನೀಲಿಯಾಗಿ ಹೊಳೆದಾಗ ಜನ ಮೊಬೈಲ್ ಹಿಡಿದು ಓಡಿದ್ದು ನೆನಪಿದೆಯೇ? ಕಡಲು ಹಾಗೆ ಮಿನುಗುವುದಕ್ಕೆ ಕಾರಣವಾಗುವ ಜೀವಿಗಳ ಪೈಕಿ ಈ ನಾಕ್ಟಿಲ್ಯೂಕಾ ಮುಖ್ಯ. ಎಷ್ಟು ಪ್ಲವಕ ಎನ್ನುವಷ್ಟೇ ಯಾವ ಪ್ಲವಕ ಎನ್ನುವುದೂ ಮುಖ್ಯ. ಬೂತಾಯಿಗೆ ಬೇಕಾದ್ದು ಡಯಾಟಮ್. ಅನ್ನದ ತಟ್ಟೆಯಲ್ಲಿ ಮಿಣುಕುಹುಳ ಬಡಿಸಿದರೆ ತಟ್ಟೆ ತುಂಬಿದೆ ಎನ್ನಬಹುದು, ಊಟ ಆಯಿತು ಎನ್ನಲಾಗದು.

ಈಗ ಬೂತಾಯಿ. ಕಾರವಾರದ ಕಡೆ ತಾರ್ಲೆ, ಕುಂದಾಪುರದ ಕಡೆ ಬೈಗೆ. ಅತಿ ಹೆಚ್ಚು ಸಿಟ್ಟಿನ ಮಾತು ಬಂದದ್ದು ಇದರ ಬಗ್ಗೆಯೇ. ವಾದ ಇಷ್ಟು: ಬೂತಾಯಿ ಒಂದಷ್ಟು ವರ್ಷ ಬರುತ್ತದೆ, ಒಂದಷ್ಟು ವರ್ಷ ಮಾಯವಾಗುತ್ತದೆ. ನಮ್ಮಜ್ಜನ ಕಾಲದಿಂದ ಹೀಗೇ. ಅದಕ್ಕೆ ಬಲೆ ಕಾರಣವಲ್ಲ, ಬೋಟು ಕಾರಣವಲ್ಲ. ಹಾಗಿದ್ದ ಮೇಲೆ ನಮ್ಮ ಬಲೆಯ ಕಣ್ಣಿನ ಮೇಲೆ, ಎಳೆಮೀನಿನ ಮೇಲೆ ಕಾನೂನು ಯಾಕೆ?

ಈ ವಾದದ ಮೊದಲ ಅರ್ಧ ನೂರಕ್ಕೆ ನೂರು ಸರಿ. ಹೇಳಿದವರಿಗಿಂತ ಹೆಚ್ಚಿನ ಪುರಾವೆಯನ್ನು ನಾನೇ ಕೊಡುತ್ತೇನೆ. 1865ರಲ್ಲಿ ‘ದಿ ಫಿಶಸ್ ಆಫ್ ಮಲಬಾರ್’ ಬರೆದ ಫ್ರಾನ್ಸಿಸ್ ಡೇ ಆಗಲೇ ಈ ಮೀನಿನ ಏರಿಳಿತ ಗಮನಿಸಿದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮದ್ರಾಸ್ ಸರ್ಕಾರದ ಜೇಮ್ಸ್ ಹಾರ್ನೆಲ್ ಇದರ ಬೆನ್ನು ಹತ್ತಿದರು. 1924ರಲ್ಲಿ ಹಾರ್ನೆಲ್ ಮತ್ತು ನಾಯುಡು ಇದರ ಜೀವನಚರಿತ್ರೆಯನ್ನೇ ಬರೆದರು. 1940ರ ದಶಕದಲ್ಲಿ ಬೂತಾಯಿ ಎಷ್ಟು ಕುಸಿಯಿತೆಂದರೆ, 1943ರಲ್ಲಿ ಮದ್ರಾಸ್ ಸರ್ಕಾರ ಎಳೆಯ ಬೂತಾಯಿ ಹಿಡಿಯುವುದಕ್ಕೆ ಕಡಿವಾಣ ಹಾಕಬೇಕಾಯಿತು. ಆಗ ಪರ್ಸೀನ್ ಬಲೆ ಇರಲಿಲ್ಲ, ಎಂಜಿನ್ ಇರಲಿಲ್ಲ. ಹುಟ್ಟು ಹಾಕುವ ದೋಣಿ ಮತ್ತು ದಡದಿಂದ ಎಳೆಯುವ ರಂಪಣಿ. 1956ರಲ್ಲಿ ಇಡೀ ದೇಶದ ಬೂತಾಯಿ ಹಿಡುವಳಿ ಸುಮಾರು 7,400 ಟನ್. ಹನ್ನೆರಡೇ ವರ್ಷದಲ್ಲಿ, 1968ಕ್ಕೆ, ಮೂರು ಲಕ್ಷ ಟನ್. 1994ರಲ್ಲಿ ಮತ್ತೆ 47 ಸಾವಿರಕ್ಕೆ ಕುಸಿತ. 2012ರಲ್ಲಿ ಏಳು ಲಕ್ಷ ದಾಟಿದ ದಾಖಲೆ. ಕೇರಳವೊಂದರಲ್ಲೇ ಆ ವರ್ಷ ಸುಮಾರು 3.9 ಲಕ್ಷ ಟನ್ ಇದ್ದದ್ದು 2021ರಲ್ಲಿ 3,297 ಟನ್ನಿಗೆ ಬಿತ್ತು. ಬೂತಾಯಿ ಮುಗಿಯಿತು ಎಂದು ಶ್ರದ್ಧಾಂಜಲಿ ಬರೆದವರಿದ್ದರು. ಮುಂದಿನ ಎರಡು ವರ್ಷದಲ್ಲಿ ಅಲ್ಲಿ ಮತ್ತೆ ಲಕ್ಷ ಟನ್ ದಾಟಿತು. ಹೀಗಾಗಿ ಪರಿಸರದ ಗೆಳೆಯರಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ: ಪ್ರತಿ ಮತ್ಸ್ಯಕ್ಷಾಮವನ್ನೂ ಜಾಗತಿಕ ತಾಪಮಾನದ ತಲೆಗೆ ಕಟ್ಟಿದರೆ, ಮೀನು ತಿರುಗಿ ಬಂದ ದಿನ ನಿಮ್ಮ ಮಾತಿಗೆ ದಕ್ಕೆಯಲ್ಲಿ ಮೂರು ಕಾಸಿನ ಬೆಲೆಯೂ ಉಳಿಯುವುದಿಲ್ಲ.

ಏರಿಳಿತ ಯಾಕೆ? 1990ರಲ್ಲಿ ಲಾಂಗ್‌ಹರ್ಸ್ಟ್ ಮತ್ತು ವೂಸ್ಟರ್ ಒಂದು ಜಾಣತನದ ಕೆಲಸ ಮಾಡಿದರು. ತಣ್ಣೀರು ಮೇಲೆದ್ದಾಗ ತೀರದ ಕಡಲ ಮಟ್ಟ ಚೂರು ತಗ್ಗುತ್ತದೆ. ಕೊಚ್ಚಿ ಬಂದರಿನ ಹಳೆಯ ಭರತಮಾಪಕದ ಅಂಕಿಗಳನ್ನು ತೆಗೆದು ಬೂತಾಯಿಯ ಅಂಕಿಗಳ ಜೊತೆ ಇಟ್ಟು ನೋಡಿದರು. ಮಳೆಗಾಲಕ್ಕೆ ಮೊದಲೇ, ವಾಡಿಕೆಗಿಂತ ಬೇಗ ಮಟ್ಟ ತಗ್ಗಿದ ವರ್ಷಗಳಲ್ಲಿ ಮರಿಗಳು ಕಡಿಮೆ. ತಣ್ಣೀರು ಗೊಬ್ಬರವನ್ನಷ್ಟೇ ತರುವುದಿಲ್ಲ, ಆಮ್ಲಜನಕವಿಲ್ಲದ ನೀರನ್ನೂ ತರುತ್ತದೆ. ಅದು ಬೇಗ ಬಂದರೆ ಮೊಟ್ಟೆಯಿಡಲು ದಡದ ಕಡೆ ಬರುವ ಮೀನಿಗೆ ದಾರಿ ಕಟ್ಟುತ್ತದೆ ಎನ್ನುವುದು ಅವರ ವಿವರಣೆ. 1933-34ರಲ್ಲಿ ಈಜಿಪ್ಟಿನ ‘ಮಬಾಹಿಸ್’ ಹಡಗಿನಲ್ಲಿ ನಡೆದ ಜಾನ್ ಮರ್ರೆ ಶೋಧಯಾನ ಅರಬ್ಬಿ ಸಮುದ್ರದ ನಡು ಆಳದಲ್ಲಿ ಉಸಿರಿಲ್ಲದ ನೀರಿರುವುದನ್ನು ಕಂಡಿತ್ತು. 2000ದಲ್ಲಿ ನಖ್ವಿ ಮತ್ತಿತರರು, ಮಳೆಗಾಲದ ಕೊನೆಗೆ ಭಾರತದ ಪಶ್ಚಿಮ ತೀರದ ಸುಮಾರು 1.8 ಲಕ್ಷ ಚದರ ಕಿಲೋಮೀಟರ್ ಪ್ರದೇಶದಲ್ಲಿ ಆಮ್ಲಜನಕ ತೀರ ಕಡಿಮೆಯಾಗುತ್ತದೆ, ಈಚಿನ ದಶಕಗಳಲ್ಲಿ ಅದು ತೀವ್ರವಾಗಿದೆ ಎಂದು ಬರೆದರು. ಕರ್ನಾಟಕದ ತೀರ ಅದರೊಳಗೇ ಇದೆ. ಬಿಸಿ ಕಾಲದ ಕೆಸರು ಪುಟಪುಟವಾಗಿ ಕೂತಿತ್ತು ಎಂದೆನಲ್ಲ, ಅದನ್ನು ಇದರ ಪಕ್ಕ ಇಟ್ಟು ನೋಡಿ.

ಈಗ ವಾದದ ಎರಡನೇ ಅರ್ಧಕ್ಕೆ ಬರೋಣ: ಸಹಜ ಏರಿಳಿತವಾದ್ದರಿಂದ ನಿಯಂತ್ರಣ ಬೇಡ. ಇದು ಪೂರ್ತಿ ತಲೆಕೆಳಗು. ಇದಕ್ಕೆ ಅತ್ಯುತ್ತಮ ಸಾಕ್ಷಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಕೊಳ್ಳದಿಂದ ಬರುತ್ತದೆ. ಅಲ್ಲಿನ ತಳದಲ್ಲಿ ಆಮ್ಲಜನಕವಿಲ್ಲ, ಹುಳುವಿಲ್ಲ. ಪದರಗಳು ಪುಸ್ತಕದ ಹಾಳೆಯಂತೆ ಉಳಿದಿವೆ, ಅವುಗಳ ನಡುವೆ ಉದುರಿದ ಮೀನಿನ ಪೊರೆಗಳೂ. ಸೌಟರ್ ಮತ್ತು ಐಸಾಕ್ಸ್ 1969ರಲ್ಲಿ ಆ ಪೊರೆಗಳ ಎಣಿಕೆ ಶುರುಮಾಡಿದರು. 1992ರಲ್ಲಿ ಬಾಮ್‌ಗಾರ್ಟ್ನರ್ ಮತ್ತಿತರರು ಸುಮಾರು 1,700 ವರ್ಷದ ಲೆಕ್ಕ ಮುಂದಿಟ್ಟರು. ಅಲ್ಲಿನ ಸಾರ್ಡಿನ್, ನಮ್ಮ ಬೂತಾಯಿಯ ದೂರದ ನೆಂಟ, ಆ ಅವಧಿಯಲ್ಲಿ ಒಂಬತ್ತು ಬಾರಿ ಕುಸಿದು ಒಂಬತ್ತು ಬಾರಿ ಎದ್ದಿತ್ತು. ಅದರ ಬಹುಭಾಗದಲ್ಲಿ ಯಾವ ಕಾರ್ಖಾನೆಯೂ ಇರಲಿಲ್ಲ, ದೊಡ್ಡ ಬಲೆಯೂ ಇರಲಿಲ್ಲ. ಬೋಟಿನವರು ಇಲ್ಲಿಯವರೆಗೆ ಓದಿ ಚಪ್ಪಾಳೆ ತಟ್ಟಬಹುದು. ಮುಂದಿನ ಅಂಕಿ ನೋಡಿ: ಎದ್ದುನಿಲ್ಲಲು ಅದು ತೆಗೆದುಕೊಂಡ ಸರಾಸರಿ ಕಾಲ 30 ವರ್ಷ. ಯಾರೂ ಹಿಡಿಯದಿದ್ದಾಗಲೇ 30 ವರ್ಷ. ಯಾವ ಬ್ಯಾಂಕು ಬೋಟಿನ ಕಂತಿಗೆ 30 ವರ್ಷ ಕಾಯುತ್ತದೆ?

ಕಡಲು ತಾನಾಗಿ ಇಳಿಯುವ ವರ್ಷದಲ್ಲಿ, ಉಳಿದ ತಾಯಿಮೀನನ್ನೂ ಕೈಬೆರಳಿನುದ್ದದ ಮರಿಯನ್ನೂ ಬಳಿದು ಫಿಶ್‌ಮಿಲ್ಲಿಗೆ ಹಾಕಿದರೆ ಏಳುವುದು ತಡವಾಗುತ್ತದೆ, ಇಷ್ಟೇ ವಿಷಯ. ಎರಡೂವರೆ ವರ್ಷದಷ್ಟೇ ಬದುಕುವ ಮೀನಿದು. ಒಂದು ತಲೆಮಾರು ಮೊಟ್ಟೆಯಿಡದೆ ಹೋದರೆ ಮುಂದಿನದಕ್ಕೆ ಆಸರೆ ಇರುವುದಿಲ್ಲ. ಕೃಪಾ ಮತ್ತಿತರರು 2018ರಲ್ಲಿ ಈಚಿನ ಕುಸಿತವನ್ನು ವಿಶ್ಲೇಷಿಸಿದಾಗ ಹವಾಮಾನ ಮತ್ತು ಅತಿಮೀನುಗಾರಿಕೆ ಎರಡನ್ನೂ ಒಟ್ಟಿಗೇ ಹೆಸರಿಸಿದ್ದು ಇದಕ್ಕಾಗಿ. ಬರಗಾಲ ಸಹಜವಾದ್ದರಿಂದ ಬೀಜದ ಭತ್ತವನ್ನೂ ಕುಟ್ಟಿ ತಿನ್ನೋಣ ಎಂದು ಯಾವ ಗದ್ದೆಯವನೂ ಹೇಳಲಾರ. ಕೇರಳ 2015ರಲ್ಲಿ ಬೂತಾಯಿಗೆ ಕನಿಷ್ಠ 10 ಸೆಂಟಿಮೀಟರ್ ಉದ್ದದ ಮಿತಿ ಹಾಕಿತು. ಅದನ್ನು ಹೇರಿಕೆ ಎಂದು ಇಲ್ಲಿ ಕೆಲವರು ಹೀಯಾಳಿಸುತ್ತಾರೆ. ಆದರೆ ನೂಲಹುಣ್ಣಿಮೆಗೆ ಕಡಲಿಗೆ ಹಾಲು-ತೆಂಗಿನಕಾಯಿ ಅರ್ಪಿಸುವವರೆಗೆ ದೋಣಿ ಇಳಿಸದಿದ್ದ ನಮ್ಮ ಹಿರಿಯರ ಮೇಲೆ ಆ ಕಟ್ಟುಪಾಡನ್ನು ಯಾವ ಸರ್ಕಾರ ಹೇರಿತ್ತು? ಬೂತಾಯಿ ಮುಖ್ಯವಾಗಿ ಮೊಟ್ಟೆಯಿಡುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಡಲಿನ ಭಯವೋ, ಅನುಭವವೋ, ಎರಡೂ ಸೇರಿಯೋ, ಅವರು ಮೀನಿನ ಹೆರಿಗೆಯ ಕಾಲದಲ್ಲಿ ದಡದಲ್ಲೇ ಇದ್ದರು.

ಪರ್ಸೀನ್ ಬಂದದ್ದರಿಂದಲೇ ಎಲ್ಲ ಹಾಳಾಯಿತು ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. 1970ರ ದಶಕದ ನಡುವೆ ಅದು ನಮ್ಮ ತೀರಕ್ಕೆ ಬಂದಾಗ ರಂಪಣಿಯವರ ಬದುಕು ಮುರಿದದ್ದು ನಿಜ. ಆ ಅನ್ಯಾಯದ ಲೆಕ್ಕ ಬೇರೆ, ಮೀನಿನ ಲೆಕ್ಕ ಬೇರೆ. 1943ರ ಕುಸಿತವನ್ನು ಪರ್ಸೀನಿನ ತಲೆಗೆ ಕಟ್ಟಲಾಗದು.

ಕೊನೆಯ ಆಕ್ಷೇಪ ನನ್ನನ್ನು ನಿಜಕ್ಕೂ ಕುಟುಕಿತು. ಈ ಕೆಸರು ಓದುವುದರಿಂದ ದೋಣಿಯವನಿಗೆ ಏನು ಸಿಕ್ಕಿತು? ವರದಿ ಇಂಗ್ಲಿಷಿನಲ್ಲಿ ಬರುತ್ತದೆ, ಕಪಾಟಿನಲ್ಲಿ ಕೂರುತ್ತದೆ. ಕಾರವಾರದ ಕೆಸರಿನ ಮೇಲೆ ಪ್ರಬಂಧಗಳು ಬಂದಿವೆ ಎನ್ನುವುದೇ ಕಾರವಾರದ ಮೀನುಗಾರನಿಗೆ ಗೊತ್ತಿಲ್ಲ. ಇದಕ್ಕೆ ನನ್ನ ಬಳಿ ಪ್ರತ್ಯುತ್ತರವಿಲ್ಲ, ಒಪ್ಪಿಗೆ ಇದೆ. ಹತ್ತು ಸಾವಿರ ವರ್ಷದ ಮುಂಗಾರು ಲೆಕ್ಕ ಹಾಕುವವರು ಬೈತಖೋಲದ ದಕ್ಕೆಯ ಮೇಲೆ ಹತ್ತು ನಿಮಿಷ ಕನ್ನಡದಲ್ಲೋ ಕೊಂಕಣಿಯಲ್ಲೋ ಮಾತಾಡಿದ್ದರೆ ಈ ಲೇಖನದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ. ಮಾತು ಬರೀ ಒಂದು ಕಡೆಯಿಂದ ಹೋಗಬೇಕಾದ್ದೂ ಅಲ್ಲ. ಯಾವ ತಿಂಗಳು ನೀರು ಕೆಂಪಾಯಿತು, ಯಾವ ವರ್ಷ ತಳದ ಮೀನು ದಡಕ್ಕೆ ಓಡಿಬಂತು ಎನ್ನುವುದು ದೋಣಿ ನಡೆಸುವ ತಾಂಡೇಲನ ತಲೆಯಲ್ಲಿದೆ. ಅದೂ ಒಂದು ಪದರವೇ.

ಆದ್ದರಿಂದ ನನ್ನ ಬೇಡಿಕೆ ವಿಜ್ಞಾನಿಗಳಿಗೆ ಒಂದು, ಓದುಗರಿಗೆ ಒಂದು. ವಿಜ್ಞಾನಿಗಳೇ, ಕಾರವಾರದ ಕೆಸರಿನ ಫಲಿತಾಂಶವನ್ನು ಕಾರವಾರದಲ್ಲಿ ಬಂದು ಹೇಳಿ. ಓದುಗರೇ, ಕೊಚ್ಚಿಯ ಭರತಮಾಪಕದ ಹಳೆಯ ಅಂಕಿಗಳನ್ನು ಯಾರೋ ಗುಮಾಸ್ತರು ದಿನಾ ಬರೆದಿಟ್ಟಿದ್ದರಿಂದಲೇ ಬೂತಾಯಿಯ ಗುಟ್ಟು ಅಷ್ಟಾದರೂ ಬಯಲಾಯಿತು. ನಿಮ್ಮ ಮನೆಯ ಅಟ್ಟದ ಮೇಲೆ ರಂಪಣಿಯ ಪಾಲಿನ ಲೆಕ್ಕವೋ, ಮೀನೆಣ್ಣೆ ಬೇಯಿಸುತ್ತಿದ್ದ ಕಾಲದ ಡಬ್ಬಿ ಲೆಕ್ಕವೋ, ಒಣಮೀನು ವ್ಯಾಪಾರದ ಕಡತವೋ ಇದ್ದರೆ, ಗೆದ್ದಲು ಹಿಡಿದಿದ್ದರೂ ಸರಿ, ಗುಜರಿಗೆ ಹಾಕಬೇಡಿ. ತಾರೀಕು, ಊರು, ಎಷ್ಟು ಬುಟ್ಟಿ, ಇಷ್ಟಿದ್ದರೆ ಸಾಕು.